ಬಾಡಿಗೆಗೆಂದು ಕಲಬುರಗಿಯಲ್ಲಿ ಮನೆ: ಫ್ಲ್ಯಾಟೋ, ಎರಡು ಪೋರ್ಷನ್ನೋ, ಪ್ಲಾಟೋ, ಹುಡುಗರ ರೂಮೋ?

ಮೇ ತಿಂಗಳ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆ. ನಮ್ಮ ಶಾಲೆಯ ಸಹೋದ್ಯೋಗಿ ಒಬ್ಬರು ಮಾರಾಟಕ್ಕಿದ್ದ ಮನೆಯೊಂದನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ರಿಂಗ್ ರೋಡಿನ ಒಳಗೇ ಇತ್ತು. ಕೆಳಗೊಂದು ಮನೆ, ಮೇಲೊಂದು ಮನೆ, ಹೊಸದಾಗಿ ಬಣ್ಣ ಬಳಿದಿದ್ದರು. "ನೀರಿಂದು ತ್ರಾಸೇ ಇಲ್ರಿ ಅಕ್ಕಾವ್ರೇ, ಬೋರ್ ಅದ, ನಳ ಅದ" ಎಂದು ಏಜೆಂಟ್ ಹೇಳುತ್ತಲೇ ಇದ್ದ. ಪಕ್ಕದ ಮನೆಯ ಕಟ್ಟೆಯ ಮೇಲೆ ಸಾಲಾಗಿ ಏಳು ಕೊಡ, ನಾಲ್ಕು ಬಕೆಟ್, ಒಂದು ನೀಲಿ ಡ್ರಮ್ ಇದ್ದವು. ಅಲ್ಲೇ ಕೂತಿದ್ದ ಅಜ್ಜಿಯನ್ನು "ನಳ ಯಾವಾಗ ಬರ್ತದ್ರಿ ಅಮ್ಮಾ?" ಎಂದು ಕೇಳಿದೆ. "ನಿನ್ನೆ ಬರ್ಬೇಕಿತ್ತವ್ವಾ. ಐದ್ ದಿನ ಆಯ್ತು. ಬೋರಿನಾಗ ಯುಗಾದಿಯಿಂದ ಬರೇ ಗಾಳಿ ಬರ್ಲತ್ತದ" ಎಂದರು.

ಸಹೋದ್ಯೋಗಿಯ ಮುಖ ಸಪ್ಪಗಾಯಿತು. ನನಗೆ ಮಾತ್ರ ಸಮಾಧಾನ. ಇದೇ ಮನೆಯನ್ನು ಅವರು ಡಿಸೆಂಬರ್‌ನಲ್ಲಿ ನೋಡಿದ್ದರೆ ಅವತ್ತೇ ಅಡ್ವಾನ್ಸ್ ಕೊಟ್ಟು ಬರುತ್ತಿದ್ದರು.

ನಾನು ಹೈಸ್ಕೂಲ್ ಶಿಕ್ಷಕಿ, ಮನೆಯವರು ಬ್ಯಾಂಕಿನಲ್ಲಿದ್ದಾರೆ. ಹದಿನೈದು ವರ್ಷದಲ್ಲಿ ಒಂದು ಫ್ಲ್ಯಾಟ್ ಕೊಂಡು ಮಾರಿದ್ದೇವೆ. ಎರಡು ಪೋರ್ಷನ್ನಿನ ಮನೆಯೊಂದನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ಒಂದು ಪ್ಲಾಟಿನಲ್ಲಿ ದುಡ್ಡು ಕಳೆದುಕೊಂಡಿದ್ದೇವೆ. ನನ್ನ ತಮ್ಮ ಕಾಲೇಜು ಹುಡುಗರಿಗೆ ರೂಮ್ ಕೊಡುತ್ತಾನೆ, ಅವನ ಲೆಕ್ಕವೂ ನನಗೆ ಗೊತ್ತು. ನೌಕರಿ ಮಾಡುತ್ತಲೇ ಜತೆಗೊಂದಿಷ್ಟು ಬಾಡಿಗೆ ಬರಲಿ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದನ್ನೇ ವ್ಯಾಪಾರ ಮಾಡಿಕೊಂಡವರ ದಾರಿ ಬೇರೆ.

ನಾನು ಯಾವ ಮನೆಯನ್ನಾದರೂ ಎರಡೇ ಪ್ರಶ್ನೆಯಿಂದ ಅಳೆಯುತ್ತೇನೆ. ಮೇ ತಿಂಗಳಲ್ಲಿ ಅದು ಹೇಗಿರುತ್ತದೆ? ನನ್ನ ಎಷ್ಟು ಭಾನುವಾರಗಳನ್ನು ಅದು ತಿನ್ನುತ್ತದೆ? ನಮ್ಮ ಊರಲ್ಲಿ ಮನೆ ಖಾಲಿ ಬೀಳುವುದು ಹೆಚ್ಚಾಗಿ ನೀರಿಗೆ ಮತ್ತು ಶೆಕೆಗೆ. ಮಾಲೀಕರು ಬೇಸತ್ತು ಮನೆ ಮಾರುವುದು ಓಡಾಟಕ್ಕೆ.

ಮೊದಲು ಲೆಕ್ಕ

ಬಾಡಿಗೆ ಎಷ್ಟು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ವರ್ಷದ ಕೊನೆಗೆ ಕೈಯಲ್ಲಿ ಎಷ್ಟು ಉಳಿಯಿತು ಎಂದು ಕೇಳುವವರು ಕಡಿಮೆ. ಉದಾಹರಣೆಗೆ 50 ಲಕ್ಷದ ಎರಡು ಪೋರ್ಷನ್ನಿನ ಮನೆ ಎಂದಿಟ್ಟುಕೊಳ್ಳಿ. ಅಂಕಿಗಳನ್ನು ನಿಮ್ಮ ಬಡಾವಣೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೆ ಏರಿತು. ಎಲ್ಲ ಸೇರಿ 3.8 ಲಕ್ಷದ ಹತ್ತಿರ ಹೋಗುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ ಹಿಡಿದು ಮಾರುವವರ ಪ್ಯಾನ್ ಮೇಲೆ ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ಬಡ್ಡಿ, ದಂಡ ಕೊಂಡವರ ತಲೆಗೇ ಬರುತ್ತದೆ.

ಕೆಳಗಿನ ಮನೆಗೆ 10,000, ಮೇಲಿನದಕ್ಕೆ 9,000 ಬಾಡಿಗೆ ಎಂದರೆ ವರ್ಷಕ್ಕೆ 2,28,000. ಎರಡೂ ಮನೆ ಒಂದೊಂದು ತಿಂಗಳು ಖಾಲಿ ಬಿತ್ತು ಎನ್ನಿ, 2,09,000 ಆಯಿತು. ಆಸ್ತಿ ತೆರಿಗೆ, ಬಣ್ಣ, ಮೋಟಾರ್ ರಿಪೇರಿ, ಟ್ಯಾಂಕ್ ತೊಳೆಸುವುದು, ಇವಕ್ಕೆಲ್ಲ ಒಂದು 35,000 ಹಿಡಿಯಿರಿ. ಉಳಿದದ್ದು 1,74,000. ಹಾಕಿದ ದುಡ್ಡಿನ ಮೇಲೆ ನೂರಕ್ಕೆ ಮೂರು ರೂಪಾಯಿ ಚಿಲ್ಲರೆ, ಅಷ್ಟೇ. ಬ್ಯಾಂಕಿನ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಹಾಗಿದ್ದರೂ ಮನೆ ಏಕೆ? ನೆಲದ ಬೆಲೆ ಏರಬಹುದು, ಬಾಡಿಗೆ ವರ್ಷವರ್ಷ ಸ್ವಲ್ಪ ಏರುತ್ತದೆ, ನಿವೃತ್ತಿಯ ಮೇಲೆ ಕೈಗೊಂದು ಆಸರೆ. ಈ ಕಾರಣಗಳು ನಿಮಗೆ ಸಾಕು ಎನಿಸಿದರೆ ಮಾತ್ರ ಮುಂದೆ ಹೋಗಿ.

ಸಾಲ ಮಾಡುವವರು ಇನ್ನೊಂದು ಲೆಕ್ಕ ನೋಡಬೇಕು. 30 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದರೆ ಕಂತು ಸುಮಾರು 26,000. ಎರಡೂ ಮನೆ ತುಂಬಿದ್ದರೂ ತಿಂಗಳಿಗೆ 7,000 ಸಂಬಳದಿಂದ ಹಾಕಬೇಕು. ಖಾಲಿ ಬಿದ್ದ ತಿಂಗಳು ಪೂರ್ತಿ 26,000. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆಯಾಗಿ ಇಡದೆ ಸಾಲಕ್ಕೆ ಸಹಿ ಹಾಕಬೇಡಿ. ಇದು ನನ್ನ ಯಜಮಾನರು ಬ್ಯಾಂಕಿನಲ್ಲಿ ಕೂತು ದಿನಾ ಹೇಳುವ ಮಾತು.

ಆದಾಯ ತೆರಿಗೆಯಲ್ಲಿ ಬಾಡಿಗೆಗೆ ಸ್ವಲ್ಪ ಉಸಿರಾಡಲು ಜಾಗ ಇದೆ. ಪಾಲಿಕೆಗೆ ಕಟ್ಟಿದ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ. 30ನ್ನು ರಸೀದಿ ಕೇಳದೆ ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಬಡ್ಡಿ ಬಾಡಿಗೆಗಿಂತ ಜಾಸ್ತಿಯಾಗಿ ನಷ್ಟ ಬಂದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಅದನ್ನು ಸಂಬಳದಿಂದ ವರ್ಷಕ್ಕೆ 2 ಲಕ್ಷದವರೆಗೆ ಕಳೆಯಲು ಬರುತ್ತದೆ. ಹೊಸ ಪದ್ಧತಿಯಲ್ಲಿ ಬರುವುದಿಲ್ಲ. "ಮನೆ ಸಾಲ ಮಾಡ್ರಿ, ಟ್ಯಾಕ್ಸ್ ಉಳಿತದ" ಎನ್ನುವವರ ಮಾತು ಈಗ ಎಲ್ಲರಿಗೂ ಹೊಂದುವುದಿಲ್ಲ.

ಫ್ಲ್ಯಾಟ್

ನಾವು ಮೊದಲು ಕೊಂಡದ್ದು ಫ್ಲ್ಯಾಟ್. ಕಟ್ಟುವ ಗೊಡವೆ ಇಲ್ಲ, ಸಾಲ ಬೇಗ ಸಿಗುತ್ತದೆ, ಕೀಲಿ ಕೈಗೆ ಬಂದ ತಿಂಗಳೇ ಬಾಡಿಗೆ ಶುರು ಎಂದುಕೊಂಡೆವು. ಅದೆಲ್ಲ ನಿಜವೇ ಆಯಿತು. ತಪ್ಪಿದ್ದು ಬೇರೆ ಕಡೆ. ಎಲ್ಲಕ್ಕಿಂತ ಮೇಲಿನ ಮಹಡಿಯದ್ದು ಸ್ವಲ್ಪ ಅಗ್ಗ ಎಂದು ಅದನ್ನೇ ಹಿಡಿದೆವು.

ಕಲಬುರಗಿಯ ಬೇಸಿಗೆಯಲ್ಲಿ 43 ಡಿಗ್ರಿ ಎಂದರೆ ಯಾರೂ ಬೆರಗಾಗುವುದಿಲ್ಲ. ಸ್ಲ್ಯಾಬ್ ಹಗಲೆಲ್ಲ ಕಾಯುತ್ತದೆ, ರಾತ್ರಿಯೆಲ್ಲ ಆ ಶೆಕೆಯನ್ನು ಒಳಗೆ ಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ಪಡುವಣ ಗೋಡೆ ಮುಟ್ಟಿದರೆ ರೊಟ್ಟಿ ಹಂಚಿನ ಪಕ್ಕ ಕೈ ಇಟ್ಟ ಹಾಗೆ ಇರುತ್ತಿತ್ತು. ಎರಡು ವರ್ಷ ಸಾಲಾಗಿ ಏಪ್ರಿಲ್ ಕೊನೆಗೆ ಬಾಡಿಗೆಯವರು ಖಾಲಿ ಮಾಡಿದರು. ಎರಡನೆಯವರ ಮನೆಯಲ್ಲಿ ಆರು ತಿಂಗಳ ಕೂಸಿತ್ತು. ಆ ತಾಯಿ ಕೀಲಿ ಕೊಡುತ್ತ "ನಿಮ್ಮ ಮ್ಯಾಲ ಸಿಟ್ಟಿಲ್ಲ ಟೀಚರ್, ಕೂಸು ಮಲಗವಲ್ದು" ಎಂದಳು. ಅವಳ ಮುಂದೆ ನಾನು ಏನು ಹೇಳಲಿ? ಮುಂದಿನ ವರ್ಷವೇ ಅದನ್ನು ಮಾರಿದೆವು.

ಫ್ಲ್ಯಾಟ್ ತೆಗೆದುಕೊಳ್ಳುವುದಾದರೆ ನಡುವಿನ ಮಹಡಿ ನೋಡಿ. ಮೇಲಿನದೇ ಗತಿ ಎಂದಾದರೆ ಸ್ಲ್ಯಾಬಿನ ಮೇಲೆ ಬಿಳಿ ಕೂಲ್ ಕೋಟಿಂಗ್ ಹಾಕಲು ಸೊಸೈಟಿ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ, ಏಕೆಂದರೆ ಮಾಳಿಗೆ ನಿಮ್ಮೊಬ್ಬರದಲ್ಲ. ಲಿಫ್ಟ್ ಕೆಟ್ಟರೆ, ನೀರಿನ ಮೋಟಾರ್ ಸುಟ್ಟರೆ ನಿರ್ಧಾರ ಹತ್ತಿಪ್ಪತ್ತು ಜನರ ಕೈಯಲ್ಲಿ. ನಮ್ಮಲ್ಲಿ ಲಿಫ್ಟ್ ಎರಡು ತಿಂಗಳು ನಿಂತಿತ್ತು, ಅದು ಬರೀ ಮೂರು ಮನೆಯವರು ಪಾಲು ಕೊಡದ್ದಕ್ಕೆ.

ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಜಿಎಸ್‌ಟಿ ಇದೆ: ಸಾಮಾನ್ಯವಾಗಿ ಶೇ. 5, ಅಗ್ಗದ ವರ್ಗಕ್ಕೆ ಸೇರಿದ್ದಾದರೆ ಶೇ. 1. ಪೂರ್ತಿಯಾದ ಪ್ರಮಾಣಪತ್ರ ಸಿಕ್ಕ ಮೇಲೆ ಮಾರುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ನೆಲ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ದು, ಮನೆಗಳು ಎಂಟಕ್ಕಿಂತ ಹೆಚ್ಚಿದ್ದರೆ ಆ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿ ಆಗಿರಲೇಬೇಕು. ಆ ನಂಬರನ್ನು ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಹಾಕಿ ನೋಡಲು ಐದು ನಿಮಿಷ ಸಾಕು.

ಇಷ್ಟೆಲ್ಲ ಹೇಳಿದರೂ ಫ್ಲ್ಯಾಟಿನದು ಒಂದು ದೊಡ್ಡ ಗುಣ. ಅದು ಭಾನುವಾರ ಕೇಳುವುದಿಲ್ಲ. ವಾಚ್‌ಮನ್ ಇರುತ್ತಾನೆ, ಟ್ಯಾಂಕರ್ ತರಿಸುವುದನ್ನು ಸೊಸೈಟಿ ನೋಡಿಕೊಳ್ಳುತ್ತದೆ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡುತ್ತ ತವರೂರಲ್ಲಿ ಒಂದು ಇರಲಿ ಎನ್ನುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಕಾಣುವುದಿಲ್ಲ.

ಕೆಳಗೊಂದು, ಮೇಲೊಂದು

ಊರಲ್ಲೇ ಇದ್ದು ನೌಕರಿ ಮಾಡುವವರಿಗೆ ನನ್ನ ಮತ ಇದಕ್ಕೇ. ಅದೂ ನಿಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದ ಒಳಗೆ. ನೆಲ ಪೂರ್ತಿ ನಿಮ್ಮದು. ಒಂದು ಪೋರ್ಷನ್ ಖಾಲಿ ಬಿದ್ದರೂ ಇನ್ನೊಂದರ ಬಾಡಿಗೆ ನಡೆಯುತ್ತಿರುತ್ತದೆ. ಮುಂದೆ ಮಕ್ಕಳು ಬಂದರೆ ಮೇಲಿನದನ್ನು ಬಿಡಿಸಿಕೊಳ್ಳಬಹುದು. ಆದರೆ ಕಟ್ಟಿದ ಮನೆ ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ. ನೆಲ ನೋಡಿ.

ನಮ್ಮದು ಕರಿ ನೆಲ. ತೊಗರಿಗೆ ಬಂಗಾರ, ಗೋಡೆಗೆ ಕಷ್ಟ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಸೀಳುತ್ತದೆ. ಪಾಯ ಆ ಮಣ್ಣಿನಲ್ಲೇ ನಿಂತಿದ್ದರೆ ಮನೆಯೂ ಅದರ ಜತೆ ಏಳುತ್ತದೆ, ಇಳಿಯುತ್ತದೆ. ನಾವು ನಮ್ಮ ಮನೆ ಕಟ್ಟುವ ಮೊದಲು ಕಟ್ಟಿದ್ದೇ ಒಂದನ್ನು ನೋಡಿದ್ದೆವು. ಬೆಡ್‌ರೂಮಿನ ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಒಂದು ಬಿರುಕು. ಒಂದು ರೂಪಾಯಿ ನಾಣ್ಯ ಅಡ್ಡಡ್ಡ ಒಳಗೆ ಹೋಗುವಷ್ಟು ಅಗಲ. ಮಾರುವವರು "ಬರೀ ಗಿಲಾವು ಬಿಟ್ಟದ" ಎಂದರು. ನಾವು ಕರೆದುಕೊಂಡು ಹೋಗಿದ್ದ ಹಿರಿಯ ಗೌಂಡಿ ಏನೂ ಮಾತಾಡದೆ ಹೊರಗೆ ಹೋಗಿ ಅದೇ ಗೋಡೆಯನ್ನು ಆ ಕಡೆಯಿಂದ ನೋಡಿದರು. ಅಲ್ಲೂ ಅದೇ ಗೆರೆ ಇತ್ತು. "ಗಿಲಾವು ಒಂದೇ ಕಡಿ ಬಿಡ್ತದ್ರಿ ಅಕ್ಕಾವ್ರೇ. ಎರಡೂ ಕಡಿ ಸೀಳ್ಯದ ಅಂದ್ರ ಪಾಯ ಕರಿ ಮಣ್ಣಿನಾಗೇ ನಿಂತದ" ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ. ನೀವೂ ಹೀಗೇ ಮಾಡಿ. ಒಳಗೆ ಕಂಡ ಬಿರುಕನ್ನು ಹೊರಗೂ ಹುಡುಕಿ. ಕಿಟಕಿ ಬಾಗಿಲ ಮೂಲೆ, ಕಾಂಪೌಂಡ್ ಗೋಡೆ, ಮೆಟ್ಟಿಲು ಮನೆಗೆ ಕೂಡುವ ಜಾಗ ನೋಡಿ. ಬಾಗಿಲುಗಳನ್ನು ಹಾಕಿ ತೆಗೆದು ನೋಡಿ, ಚೌಕಟ್ಟಿಗೆ ತಾಗುತ್ತಿದ್ದರೆ ಕಾರಣ ಕೇಳಿ.

ನೀವೇ ಕಟ್ಟಿಸುವುದಾದರೆ ಪಾಯದಲ್ಲಿ ಉಳಿಸಲು ಹೋಗಬೇಡಿ. ಗಟ್ಟಿ ಮುರುಮು (ಕಲ್ಲು ಬೆರೆತ ಮಣ್ಣು) ಅಥವಾ ಕಲ್ಲು ಸಿಗುವವರೆಗೆ ತೋಡಬೇಕು. ಕರಿ ಮಣ್ಣು ತೆಗೆದು ಮುರುಮು ತುಂಬಿಸಿ ಕುಟ್ಟಬೇಕು. ಪಾಯದ ಮೇಲೆ ಕಾಂಕ್ರೀಟಿನ ಪ್ಲಿಂತ್ ಬೀಮ್ ಸುತ್ತ ಬರಬೇಕು. ಮನೆಯ ಸುತ್ತ ಮೂರಡಿ ಫರ್ಸಿ ಹಾಸಿ ನೀರು ಪಾಯದ ಕಡೆ ಇಳಿಯದ ಹಾಗೆ ಮಾಡಬೇಕು. ಈ ಕೊನೆಯದು ಅಗ್ಗದ ಕೆಲಸ. ಶಹಾಬಾದ್ ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಆದರೂ ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು ಓಣಿಯಲ್ಲಿ ನಾಲ್ಕು ಅಡಿಗೆ ಗಟ್ಟಿ ನೆಲ ಸಿಕ್ಕರೆ ಪಕ್ಕದ ಓಣಿಯಲ್ಲಿ ಹತ್ತು ಅಡಿಗೂ ಸಿಗದೆ ಇರಬಹುದು. ಅದಕ್ಕೇ ಇಂಜಿನಿಯರ್ ಕೊಡುವ ಅಂದಾಜಿನಲ್ಲಿ ಪಾಯದ ಖರ್ಚು ಬೇರೆ ಸಾಲಿನಲ್ಲಿ ಇದೆಯೇ ನೋಡಿಕೊಳ್ಳಿ.

ನೀರು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜತೆ ನಮ್ಮ ಊರಿನ ಕೆಲವು ವಾರ್ಡುಗಳಲ್ಲೂ 24 ತಾಸು ನೀರಿನ ಪ್ರಯೋಗ ಆಗಿತ್ತು. ಅಂಥ ಕಡೆಯ ಮನೆಗೂ, ಐದಾರು ದಿನಕ್ಕೊಮ್ಮೆ ನಳ ಬರುವ ಕಡೆಯ ಮನೆಗೂ ಬಾಡಿಗೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಸಂಪು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ನಾನು ಹೀಗೆ ಲೆಕ್ಕ ಹಾಕಿದ್ದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಅಳತೆ. ಎರಡು ಮನೆಗೆ ಎಂಟು ಜನ ಎಂದರೆ ದಿನಕ್ಕೆ 1,080 ಲೀಟರ್. ಆರು ದಿನಕ್ಕೆ ಸುಮಾರು 6,500. ನಾವು 8,000 ಲೀಟರಿನ ಸಂಪು ಕಟ್ಟಿಸಿದೆವು. ಮಾಳಿಗೆಯ ಮೇಲೆ ಎರಡು ಮನೆಗೂ ಬೇರೆ ಬೇರೆ ಟ್ಯಾಂಕ್ ಇಟ್ಟೆವು. ಈ ಬೇರೆ ಟ್ಯಾಂಕ್ ಎಷ್ಟು ಜಗಳ ತಪ್ಪಿಸಿದೆ ಎಂದರೆ, ಒಂದೇ ಟ್ಯಾಂಕ್ ಇರುವ ಮನೆಯ ಮಾಲೀಕರನ್ನು ಕೇಳಿ, ಅವರೇ ಹೇಳುತ್ತಾರೆ.

ಕರೆಂಟಿಗೂ ಎರಡು ಮೀಟರ್, ಎರಡು ಆರ್‌ಆರ್ ನಂಬರ್ ಇರಲೇಬೇಕು. ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ಬಾಡಿಗೆಗೆ ಬರುವವರು ಕೇಳುವ ಮೊದಲ ಪ್ರಶ್ನೆಯೇ "ಮೀಟರ್ ಬ್ಯಾರೆ ಅದೇನ್ರಿ?" 200 ಯೂನಿಟ್ ಒಳಗಿನ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ. ಎರಡು ಮನೆಗೂ ಒಂದೇ ಮೀಟರ್ ಇದ್ದರೆ ಬೇಸಿಗೆಯಲ್ಲಿ ಕೂಲರ್ ಓಡಿದ ತಿಂಗಳು 200 ದಾಟುತ್ತದೆ, ಪೂರ್ತಿ ಬಿಲ್ ಬರುತ್ತದೆ, ಯಾರು ಎಷ್ಟು ಕೊಡಬೇಕು ಎಂದು ನೀವು ಪಂಚಾಯ್ತಿ ಮಾಡುತ್ತ ಕೂರಬೇಕು. ಇನ್ನೊಂದು ಸಣ್ಣ ಮಾತು: ಕೂಲರ್ ಇಡಲು ನೆರಳಿನ ಕಡೆ ಒಂದು ಕಿಟಕಿ, ಅದರ ಹೊರಗೆ ಕಬ್ಬಿಣದ ಸ್ಟ್ಯಾಂಡ್, ಒಳಗೆ ಪ್ಲಗ್. ನಮ್ಮ ಮೇಲಿನ ಮನೆಗೆ ಇದನ್ನು ಮಾಡಿಸಿದ ಮೇಲೆ ಬೇಸಿಗೆಯಲ್ಲಿ ಅದು ಖಾಲಿ ಬಿದ್ದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಮಾಳಿಗೆಗೆ ಬಿಳಿ ಸುಣ್ಣ ಹೊಡೆಸುತ್ತೇವೆ, ಅದೂ ಒಂದು ಕಾರಣ.

ಪ್ಲಾಟ್

ಪ್ಲಾಟ್ ಭಾನುವಾರವನ್ನೂ ತಿನ್ನುವುದಿಲ್ಲ, ಬಾಡಿಗೆಯನ್ನೂ ಕೊಡುವುದಿಲ್ಲ. ಅದರ ಲಾಭವೆಲ್ಲ ಮುಂದೆ ಬೆಲೆ ಏರಿದರೆ. ಅದಕ್ಕೇ ಪ್ಲಾಟ್ ಮಾರುವವರ ಬಾಯಲ್ಲಿ ಯಾವಾಗಲೂ ಮುಂದಿನ ಮಾತು. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾದಾಗ ಆ ಕಡೆ, 2023ರಲ್ಲಿ ಕೇಂದ್ರ ಸರ್ಕಾರ ಕಲಬುರಗಿಗೆ ಮೆಗಾ ಜವಳಿ ಪಾರ್ಕ್ ಎಂದಾಗ ಈ ಕಡೆ. ವಿಮಾನ ನಿಲ್ದಾಣ ಬಂದದ್ದು ನಿಜ. ಆದರೆ ಅದರ ಹತ್ತಿರದ ಹೊಲದಲ್ಲಿ ಕಲ್ಲು ನೆಟ್ಟ ಪ್ಲಾಟಿಗೆ ಅದರಿಂದ ರಸ್ತೆ, ಚರಂಡಿ, ನಳ ತಾನಾಗಿ ಬರುವುದಿಲ್ಲ.

ನಮ್ಮ ನಷ್ಟದ ಕಥೆ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ರಿಂಗ್ ರೋಡಿನ ಆಚೆ ಒಂದು 30×40 ಪ್ಲಾಟ್. ಎನ್‌ಎ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವ ಆದೇಶ, ಆಗಿರಲಿಲ್ಲ. "ಮೂರು ತಿಂಗಳಾಗ ಎನ್‌ಎ ಆಗ್ತದ, ಸದ್ಯಕ್ಕ ಬಾಂಡ್ ಮ್ಯಾಲ ಮಾಡ್ಕೊಳ್ರಿ" ಎಂದರು. ನೋಟರಿ ಮುಂದೆ ಸಹಿ ಆಯಿತು, ದುಡ್ಡು ಕೊಟ್ಟೆವು. ಮೂರು ತಿಂಗಳು ಮೂರು ವರ್ಷ ಆಯಿತು. ಒಂದು ದಿನ ಹೋಗಿ ನೋಡಿದರೆ ನಮ್ಮ ಕಲ್ಲಿನ ಜಾಗದಲ್ಲಿ ಬೇರೆಯವರ ತಂತಿ ಬೇಲಿ. ಅವರ ಕೈಯಲ್ಲೂ ಅಂಥದೇ ಬಾಂಡ್, ಅದರ ಮೇಲೂ ಅದೇ ಸಹಿ. ಅವರೂ ನಮ್ಮಂತೆಯೇ ಸಂಬಳದವರು. ಬೇಲಿಯ ಎರಡು ಕಡೆ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು.

ನೋಟರಿ ಬಾಂಡಿನಿಂದ ನೆಲ ನಿಮ್ಮದಾಗುವುದಿಲ್ಲ. ಜಿಪಿಎ (ಅಧಿಕಾರ ಪತ್ರ) ಮೇಲೆ ಮಾಡಿದ ಮಾರಾಟದಿಂದಲೂ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಂದಣಿಯಾದ ಕ್ರಯಪತ್ರ ಒಂದೇ ಗಟ್ಟಿ. ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಮುಂದೆ ಹೋಗುವುದಿಲ್ಲ. ಹಾಗಾಗಿ "ಬಾಂಡ್ ಮೇಲೆ" ಎಂದರು ಎಂದರೆ ನೋಂದಣಿ ಮಾಡಿಕೊಡಲು ಅವರಿಂದ ಆಗುವುದಿಲ್ಲ ಎಂದೇ ತಿಳಿಯಿರಿ.

ನೋಡಬೇಕಾದ ಕಾಗದ ಇವು: ಎನ್‌ಎ ಆದೇಶ, ಕುಡಾ (ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ, ಇ-ಖಾತಾ, ಮೂಲ ಕ್ರಯಪತ್ರಗಳ ಸರಪಳಿ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ). ಪಂಚಾಯಿತಿ ಹದ್ದಿನಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ನೀವೇ ತೆಗೆಸಬಹುದು. ಏಜೆಂಟ್ ಕೊಟ್ಟ ಜೆರಾಕ್ಸ್ ನಂಬಬೇಡಿ. ಲೇಔಟ್ ನಕ್ಷೆಯಲ್ಲಿ ನಿಮ್ಮ ಪ್ಲಾಟ್ ಪಾರ್ಕಿಗೋ ರಸ್ತೆಗೋ ಬಿಟ್ಟ ಜಾಗವೇ ಎಂದು ನೋಡಿ. ಗುಂಠೆ ಲೆಕ್ಕದಲ್ಲಿ ಮಾತಾಡುವವರ ಜತೆ ಅಡಿಯಲ್ಲಿ ಲೆಕ್ಕ ಹಾಕಿ: ಒಂದು ಗುಂಠೆ 1,089 ಚದರ ಅಡಿ, 30×40 ಎಂದರೆ 1,200. ಒಬ್ಬ ವಕೀಲರಿಗೆ ಕೊಡುವ ಫೀಸು ಇಲ್ಲಿ ದುಬಾರಿ ಅಲ್ಲವೇ ಅಲ್ಲ. ನಾವು ಆ ಫೀಸನ್ನು ಉಳಿಸಿದ್ದೆವು.

ಹಳೆ ಊರಿನ ಮನೆಗಳ ಬಗ್ಗೆ ಎರಡೇ ಮಾತು. ಬ್ರಹ್ಮಪುರ, ಶಹಾಬಜಾರ್ ಕಡೆ ದಪ್ಪ ಗೋಡೆಯ ಮನೆಗಳು ಬೇಸಿಗೆಯಲ್ಲಿ ನಿಜಕ್ಕೂ ತಂಪು. ಆದರೆ 1948ಕ್ಕೆ ಮುಂಚೆ ನಾವು ನಿಜಾಮರ ರಾಜ್ಯದಲ್ಲಿದ್ದವರು, ಹಳೆಯ ಕಾಗದಗಳು ಉರ್ದುವಿನಲ್ಲಿರಬಹುದು, ಪಾಲುದಾರರು ಹತ್ತು ಊರಲ್ಲಿರಬಹುದು. ಎಲ್ಲ ಪಾಲುದಾರರ ಸಹಿ ಸಿಗುವವರೆಗೆ ದುಡ್ಡು ಕೊಡಬೇಡಿ.

ಹುಡುಗರ ರೂಮು

ಕಾಗದದ ಮೇಲೆ ಎಲ್ಲಕ್ಕಿಂತ ಜಾಸ್ತಿ ದುಡ್ಡು ಇದರಲ್ಲಿ. ಪಿಡಿಎ ಇಂಜಿನಿಯರಿಂಗ್ ಕಾಲೇಜು, ಎಂಆರ್‌ಎಂಸಿ, ಜಿಮ್ಸ್, ಇಎಸ್‌ಐಸಿ ಎಂಬ ವೈದ್ಯಕೀಯ ಕಾಲೇಜುಗಳು, ಶರಣಬಸವ ವಿಶ್ವವಿದ್ಯಾಲಯ, ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯ, ಇವುಗಳ ಜತೆ ಪಿಯು ಕಾಲೇಜುಗಳು. ಬೀದರ್, ಯಾದಗಿರಿ, ರಾಯಚೂರಿನಿಂದ ಮಕ್ಕಳು ಬರುತ್ತಲೇ ಇರುತ್ತಾರೆ. ನನ್ನ ತಮ್ಮನದು ಆರು ರೂಮು, ರೂಮಿಗೆ ಇಬ್ಬರು. ತಲೆಗೆ 2,500 ಎಂದರೆ ತಿಂಗಳಿಗೆ 30,000. ಆದರೆ ಪರೀಕ್ಷೆ ಮುಗಿಯುತ್ತಲೇ ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗುತ್ತಾರೆ. ಹತ್ತೇ ತಿಂಗಳು ಹಿಡಿದರೂ 3 ಲಕ್ಷ. ಎರಡು ಪೋರ್ಷನ್ನಿನ 2,09,000ಕ್ಕಿಂತ ಜಾಸ್ತಿ, ಅಲ್ವಾ?

ಈಗ ಅವನ ಭಾನುವಾರ ಕೇಳಿ. ಬೆಳಗ್ಗೆ ಪ್ಲಂಬರ್, ಏಕೆಂದರೆ ಹನ್ನೆರಡು ಹುಡುಗರಿಗೆ ಎರಡು ಬಚ್ಚಲು. ಮಧ್ಯಾಹ್ನ ಯಾರದೋ ಅಪ್ಪನ ಫೋನ್. ಸಂಜೆ ಬಾಡಿಗೆ ವಸೂಲಿ, ಒಬ್ಬ ಕೊಟ್ಟರೆ ಇನ್ನೊಬ್ಬ "ಅಪ್ಪ ಸೋಮವಾರ ಹಾಕ್ತಾರಂತ್ರಿ ಅಣ್ಣಾ". ಒಂದೇ ಮೀಟರ್ ಆದ್ದರಿಂದ ಉಚಿತ ವಿದ್ಯುತ್ತೂ ಇಲ್ಲ. ಪಿಜಿ ಮಾಡಿ ಊಟ ಹಾಕಲು ಹೋದರೆ ಪಾಲಿಕೆಯ ಪರವಾನಗಿ, ಅಡುಗೆಯವರು, ಗ್ಯಾಸು, ಅದು ಪೂರ್ತಿ ಇನ್ನೊಂದು ನೌಕರಿ. ತಮ್ಮನಿಗೆ ಇದು ನಡೆಯುತ್ತದೆ, ಅವನ ಮನೆ ಅದೇ ಕಾಂಪೌಂಡಿನಲ್ಲಿದೆ. ನನಗೆ ನಡೆಯುವುದಿಲ್ಲ. ಆ ಹುಡುಗರಲ್ಲಿ ಒಬ್ಬನಿಗೆ ರಾತ್ರಿ ಎರಡಕ್ಕೆ ಜ್ವರ ಏರಿದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ನನ್ನ ತಮ್ಮನೇ. ಮಕ್ಕಳನ್ನು ಇಟ್ಟುಕೊಳ್ಳುವವರು ಅಷ್ಟರ ಮಟ್ಟಿಗೆ ಹತ್ತಿರ ಇರಬೇಕು ಎಂದು ನನ್ನ ಅನಿಸಿಕೆ.

ಯಾರಿಗೆ ಕೊಡುವುದು

ನರ್ಸಿಂಗ್ ಸಿಬ್ಬಂದಿ, ಬ್ಯಾಂಕಿನವರು, ವರ್ಗವಾಗಿ ಬಂದ ಸರ್ಕಾರಿ ನೌಕರರು, ಹೈಕೋರ್ಟ್ ಪೀಠದ ಕೆಲಸಕ್ಕೆ ಬಂದ ವಕೀಲರು, ಇವರೆಲ್ಲ ನಮ್ಮ ಊರಿನ ಒಳ್ಳೆಯ ಬಾಡಿಗೆದಾರರು. ವರ್ಗದವರು ಎರಡು ಮೂರು ವರ್ಷಕ್ಕೆ ಹೋಗುತ್ತಾರೆ, ಆದರೆ ಹೋಗುವಾಗ ಅವರ ಜಾಗಕ್ಕೆ ಬಂದವರನ್ನೇ ತೋರಿಸಿ ಹೋಗುತ್ತಾರೆ. ನಮ್ಮ ಮೇಲಿನ ಮನೆ ಹೀಗೇ ಮೂರು ಸಲ ಕೈ ಬದಲಾಗಿದೆ. ಬ್ರೋಕರ್ ಬೇಕಾಗಲೇ ಇಲ್ಲ.

ಜಾತಿ, ಧರ್ಮ ಕೇಳಿ ಮನೆ ಕೊಡುವವರು ನಮ್ಮಲ್ಲಿ ಇನ್ನೂ ಬಹಳ. ಶರಣಬಸವೇಶ್ವರರ ಜಾತ್ರೆಗೂ ಬಂದೇನವಾಜರ ಉರುಸಿಗೂ ಹೋಗುವ ಊರಿನವರು ನಾವು. ಮನೆ ಬಾಗಿಲಲ್ಲಿ ನಿಂತವರನ್ನು ಹಾಗೆ ಕೇಳಿ ವಾಪಸ್ ಕಳಿಸುವುದು ನನಗೆ ನೋವಿನ ಮಾತು. ಎಲ್ಲಿ ಕೆಲಸ, ಎಷ್ಟು ಜನ, ಹಿಂದಿನ ಮನೆ ಏಕೆ ಬಿಟ್ಟಿರಿ, ಇಷ್ಟು ಕೇಳಿದರೆ ಸಾಕು. ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ.

ಕರಾರು 11 ತಿಂಗಳಿಗೆ ಬರೆಯುತ್ತಾರೆ, ಏಕೆಂದರೆ ಒಂದು ವರ್ಷ ದಾಟಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. 11 ತಿಂಗಳು ಮುಗಿದ ಮೇಲೆ ಹೊಸದು ಬರೆಯಿರಿ, ಬಾಯಿಮಾತಿನಲ್ಲಿ ಮುಂದುವರಿಸಬೇಡಿ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಡಿಪಾಜಿಟ್ ಕೇಳಿದರೆ ಇಲ್ಲಿ ಜನ ತಿರುಗಿ ಹೋಗುತ್ತಾರೆ. ನಾನು ಮೂರು ತಿಂಗಳದ್ದು ತೆಗೆದುಕೊಳ್ಳುತ್ತೇನೆ, ಅದನ್ನು ಬೇರೆ ಖಾತೆಯಲ್ಲಿ ಇಡುತ್ತೇನೆ. ಖಾಲಿ ಮಾಡುವ ದಿನವೇ ವಾಪಸ್ ಕೊಡುತ್ತೇನೆ. ಕೀಲಿ ಕೊಡುವ ದಿನ ಪ್ರತಿ ಕೋಣೆಯ, ಪ್ರತಿ ನಳದ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳುತ್ತೇವೆ. ನೀವು ಸರ್ಕಾರಿ ನೌಕರರಾದರೆ ಪ್ರತಿ ವರ್ಷ ಕೊಡುವ ಆಸ್ತಿ ಪಟ್ಟಿಯಲ್ಲಿ ಮನೆಯನ್ನೂ ಬಾಡಿಗೆಯನ್ನೂ ಬರೆಯಲು ಮರೆಯಬೇಡಿ.

ಹಾಗಾದರೆ ಯಾವುದು?

ಊರಲ್ಲೇ ಇದ್ದೀರಿ, ನೌಕರಿ ಇನ್ನೂ ಹತ್ತು ವರ್ಷಕ್ಕಿಂತ ಜಾಸ್ತಿ ಇದೆ, ಕೈಯಲ್ಲಿ ಅರ್ಧದಷ್ಟಾದರೂ ದುಡ್ಡಿದೆ ಎಂದರೆ ಎರಡು ಪೋರ್ಷನ್ನಿನ ಮನೆ. ದುಡ್ಡು ಕಡಿಮೆ, ಆದರೆ ಕಾಯುವ ತಾಳ್ಮೆ ಇದೆ ಎಂದರೆ ಕುಡಾ ಒಪ್ಪಿದ ಲೇಔಟಿನಲ್ಲಿ ನೋಂದಣಿಯಾಗುವ ಪ್ಲಾಟ್, ಅದೂ ಅಕ್ಕಪಕ್ಕ ಈಗಾಗಲೇ ಜನ ವಾಸ ಮಾಡುವ ಕಡೆ. ಮುಂದೆ ಕೆಳಗಿನ ಮನೆ ಕಟ್ಟಿ, ಆಮೇಲೆ ಮೇಲಿನದು. ಪಾಯ ಮಾತ್ರ ಮೊದಲೇ ಎರಡು ಮಹಡಿಗೆ ಹಾಕಿಸಿ. ಕಾಲೇಜಿನ ಹತ್ತಿರ ನಿಮ್ಮದೇ ಮನೆ, ಹಿತ್ತಲಲ್ಲಿ ಜಾಗ ಇದ್ದರೆ ನಾಲ್ಕು ರೂಮು ಹಾಕಿ. ನಿವೃತ್ತಿಗೆ ಎರಡು ಮೂರು ವರ್ಷ ಉಳಿದವರು ದೊಡ್ಡ ಸಾಲ ಮಾಡಿ ಯಾವುದನ್ನೂ ಕೊಳ್ಳಬೇಡಿ. ಪೆನ್ಶನ್ನಿನಲ್ಲಿ ಕಂತು ಕಟ್ಟುವವರ ಒದ್ದಾಟ ನಾನು ಹತ್ತಿರದಿಂದ ನೋಡಿದ್ದೇನೆ.

ಆ ಸಹೋದ್ಯೋಗಿಗೆ ಮಗಳು ಬೆಂಗಳೂರಿನಲ್ಲಿದ್ದಾಳೆ. ಇನ್ನು ಕೆಲವು ವರ್ಷಕ್ಕೆ ಅವರೂ ಅಲ್ಲಿಗೇ ಹೋಗುವವರು. ಇದನ್ನು ಕೇಳಿದ ಮೇಲೆ ನಾನು ಅವರಿಗೆ ಮನೆ ಬೇಡ, ಫ್ಲ್ಯಾಟ್ ನೋಡಿ ಎಂದೆ. ಒಂದನೇ ಅಥವಾ ಎರಡನೇ ಮಹಡಿ, ಪಡುವಣ ದಿಕ್ಕಿಗೆ ಬೆಡ್‌ರೂಮ್ ಬೇಡ. ಬರುವ ಭಾನುವಾರ ಎರಡು ನೋಡಲಿಕ್ಕಿದೆ. ಏಜೆಂಟ್ ಬೆಳಗ್ಗೆ ಹತ್ತಕ್ಕೆ ಬನ್ನಿ ಎಂದಿದ್ದ. ಮಧ್ಯಾಹ್ನ ಮೂರಕ್ಕೆ ಬರುತ್ತೇವೆ ಎಂದು ಹೇಳಿದ್ದಾರೆ.